ತೋಮಾಸಾಳ ಗಿಳಿಪಾಠ

ಗ್ರಾನಾಡಾದ ಪಾರ್ಕಿನಲ್ಲಿ ಬೇಯಿಸಿದ ಮರಗೆಣಸನ್ನೂ ಹಂದಿಚರ್ಮದ ಕುರುಕಲನ್ನೂ ಬಾಳೆಲೆಗೆ ಹಾಕಿ ಮಾರುತ್ತಿದ್ದ ತೋಮಾಸಾಳ ಬಾಯಿಗೆ ಹೆದರದವರಿರಲಿಲ್ಲ. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬೇಕಾಗಿದ್ದದ್ದು ಮಗಳು ಮಾರ್ಲಿಂಗಳಿಗೆ. ಸರೋವರದ ದಂಡೆಯ ಹೋಟೆಲಿನಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುವ ಕೆಲಸ ಅವಳ ಆಸೆ. ಅದಕ್ಕೆಂದೇ ಪಕ್ಕದ ಮನೆಯ ದೋನ್ ಎವರಿಸ್ತೊನ ಇಂಗ್ಲಿಷ್ ತರಗತಿಗೆ ಹೋಗುತ್ತಿದ್ದಳು.

ಒಂದು ದಿನ ಅವನು ವಯಸ್ಸು ಕೇಳಿದಾಗ ಹುಡುಗಿ "ಐ ಹ್ಯಾವ್ ಟ್ವೆಂಟಿ ಇಯರ್ಸ್" ಅಂದಳು. ನಮ್ಮ ಸ್ಪ್ಯಾನಿಷಿನಲ್ಲಿ ವರ್ಷಗಳು ಮನುಷ್ಯನ ಹತ್ತಿರ ಇರುತ್ತವೆ. ಇಂಗ್ಲಿಷಿನವರಿಗೆ ಅದು ಸಾಲದು, "ಐ ಆಮ್" ಎನ್ನಬೇಕು. ಅರ್ಧ ಊರು ಎಡವುವ ಜಾಗ ಅದು.

"ಇಪ್ಪತ್ತು ವರ್ಷ ಇದ್ಯಾ ನಿನ್ ಹತ್ರ? ಎಲ್ಲಿಟ್ಟಿದೀಯಮ್ಮ, ನಿಮ್ಮಮ್ಮನ ಗೆಣಸಿನ ಬುಟ್ಟೀಲಾ?" ಅಂದ ಎವರಿಸ್ತೊ. ತರಗತಿ ನಕ್ಕಿತು. "ಹೋಟೆಲ್ ನಿನಗಲ್ಲ. ಹೋಗು, ಬುಟ್ಟಿ ಹೊರು," ಎಂದು ಹೊರಗಟ್ಟಿದ.

ಮಗಳು ಮನೆಗೆ ಬಂದು ಹೇಳಿದ್ದೇ ತಡ, ತೋಮಾಸಾ ಬುಟ್ಟಿ ಕೆಳಗಿಟ್ಟು ಎವರಿಸ್ತೊನ ಮನೆಯ ಕಡೆ ತಿರುಗಿದಳು. ಎರಡೂ ಮನೆಯ ಅಂಗಳಗಳ ನಡುಗೋಡೆಯ ಮೇಲೆ ಅವಳ ಗಿಳಿ ತೆನ್ಚಾಳ ಪಂಜರವಿತ್ತು.

"ಆ ತಪ್ಪು ಮಾತು ನಂಗೆ ಹೇಳ್ಕೊಡೇ," ಎಂದಳು ಮಗಳಿಗೆ. "ಗಿಳಿಗೆ ಕಲಿಸ್ತೀನಿ. ಆ ಬೋಳುತಲೆಯವನ ಮಾನ ಮೂರು ಕಾಸಿಗೆ ಹರಾಜು ಹಾಕ್ದೆ ಇದ್ರೆ ನಾನು ತೋಮಾಸಾನೇ ಅಲ್ಲ."

ಮಳೆಗಾಲವಿಡೀ ಅದೇ ಪಾಠ. ತಾಯಿಯ ನಾಲಿಗೆ ಹೊರಳಲೇ ಇಲ್ಲ. ಹಾಗಾಗಿ ಪಂಜರದ ಮುಂದೆ ಮಗಳನ್ನೇ ಕೂರಿಸಿ, ಬೆಳಿಗ್ಗೆ ಸಂಜೆ ಅದನ್ನೇ ಹೇಳಿಸಿದಳು.

ಮಳೆ ನಿಂತ ಮೇಲೆ ಹೋಟೆಲಿನ ಒಡತಿ ಕೆಲಸಕ್ಕೆ ಹುಡುಗಿಯರನ್ನು ಆರಿಸಲು ತರಗತಿಗೆ ಬಂದಳು. ಎವರಿಸ್ತೊ ವಯಸ್ಸು ಕೇಳಿದನೋ ಇಲ್ಲವೋ, ಗೋಡೆಯ ಮೇಲಿಂದ ಗಿಳಿ "ಐ ಹ್ಯಾವ್ ಟ್ವೆಂಟಿ ಇಯರ್ಸ್" ಎಂದು ಕಿರುಚಿತು. ಕಿವಿಗೆ ಬಿದ್ದದ್ದನ್ನು ಒಕ್ಕೊರಲಿನಲ್ಲಿ ಒಪ್ಪಿಸಿಯೇ ರೂಢಿಯಾಗಿದ್ದ ತರಗತಿ ಅದನ್ನೂ ಒಪ್ಪಿಸಿತು.

"ಇಷ್ಟಕ್ಕೆ ಆ ಗಿಳಿನೇ ಕೆಲಸಕ್ಕಿಟ್ಕೋಬಹುದಲ್ಲ, ಮೇಷ್ಟ್ರೇ," ಎಂದು ಒಡತಿ ಎದ್ದು ಹೋದಳು. ಗೋಡೆಯಾಚೆ ಕಿವಿಗೊಟ್ಟು ನಿಂತಿದ್ದ ತೋಮಾಸಾಳಿಗೆ ಹಾಲು ಕುಡಿದಷ್ಟು ಸಂತೋಷ. "ಮಾಡಿದ್ದುಣ್ಣೋ ಮಹರಾಯ," ಎನ್ನುತ್ತ ಗಿಳಿಗೆ ಬಾಳೆಹಣ್ಣು ತಿನ್ನಿಸಿದಳು.

ಕೆಲಸ ಬೇಕಾದವರು ನೇರವಾಗಿ ಹೋಟೆಲಿಗೇ ಬರಲಿ ಎಂದು ಒಡತಿ ಊರಿಗೆಲ್ಲ ಹೇಳಿಕಳಿಸಿದಳು. ಮಾರ್ಲಿಂಗ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೋದಳು. ಮಧ್ಯಾಹ್ನದೊಳಗೆ ಮರಳಿ ಬಂದು ಒಲೆಯ ಪಕ್ಕ ಕೂತಳು.

"ಏನ್ ಕೇಳಿದ್ರೇ?"

"ವಯಸ್ಸು."

"ಸರಿಯಾಗಿ ಹೇಳ್ದೆ ತಾನೆ?"

"ಸರಿಯಾದ್ದು ಗೊತ್ತಿತ್ತಮ್ಮ. ಬಾಯಿಗೆ ಬಂದಿದ್ದು ಗಿಳಿ ಮಾತು. ಕೇಳಿ ನಗಾಡಿ ಕಳಿಸಿದ್ರು."

ತೋಮಾಸಾ ಗೋಡೆಯ ಕಡೆ ತಿರುಗಿ, ಎವರಿಸ್ತೊನನ್ನು ಬಯ್ಯಲು ಬಾಯಿ ತೆರೆದಳು.

"ಅವರನ್ನ ಬಯ್ಬೇಡ," ಎಂದಳು ಮಗಳು. "ಅವರು ಒಂದ್ಸಲ ನಕ್ರು, ಅಷ್ಟೇ. ಮಳೆಗಾಲ ಪೂರ್ತಿ ನನ್ ಬಾಯಲ್ಲಿ ಅದನ್ನೇ ಹೇಳಿಸಿದ್ದು ನೀನು."