ಸಾಲಿ ಓಣಿಯ ಮೂರು ಕುಣಿಗಳು

ಕೋವಿಡ್ಡಿನ ಕಾಟ ಮುಗಿದ ಮರುವರ್ಷದ ಮಾತು. ಗೋಕಾಕದಲ್ಲಿ ಡಿಟಿಪಿ ಅಂಗಡಿಯ ಜೊತೆಗೆ ಪುಸ್ತಕ ಸಂಪಾದನೆಯ ಕೆಲಸವನ್ನೂ ನಾನು ನಡೆಸುತ್ತಿದ್ದೆ, ಈಗಲೂ ನಡೆಸುತ್ತಿದ್ದೇನೆ. ಕೋವಿಡ್ಡಿನಲ್ಲಿ ಮನೆಯಲ್ಲೇ ಕೂತು ಕಳೆದ ದಿನಗಳಲ್ಲಿ ನಮ್ಮ ಭಾಗದ ನಿವೃತ್ತರೆಲ್ಲ ಒಮ್ಮೆಲೇ ಇತಿಹಾಸಕಾರರಾಗಿಬಿಟ್ಟಿದ್ದರು. ಹುಕ್ಕೇರಿಯಿಂದ ಒಬ್ಬರು, ಕಣಗಲಾದಿಂದ ಇನ್ನೊಬ್ಬರು, ಕಲ್ಲೋಳಿಯಿಂದ ಜಗಳವಾಡಿ ಬೇರೆ ಬೇರೆಯಾಗಿ ಬರೆದ ಅಣ್ಣತಮ್ಮಂದಿರು, ಹೀಗೆ ತಮ್ಮ ತಮ್ಮ ಊರಿನ ಚರಿತ್ರೆಯನ್ನು ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದರು. ಇವರೆಲ್ಲ ಸ್ವತಂತ್ರ ಲೇಖಕರು. ಇವರೇ ಪ್ರಕಾಶಕರು, ಇವರೇ ಮಾರಾಟಗಾರರು, ಕೆಲವು ಸಲ ಇವರೇ ಮೊದಲ ಮತ್ತು ಕೊನೆಯ ಓದುಗರು. ಹಾಸ್ಯ ಮಾಡುತ್ತಿದ್ದೇನೆ, ಆದರೆ ಈ ಪುಸ್ತಕಗಳ ಬಗ್ಗೆ ನನಗೆ ನಿಜವಾದ ಅಭಿಮಾನವಿದೆ. ದೊಡ್ಡ ಇತಿಹಾಸಗಳಲ್ಲಿ ನಮ್ಮ ಊರುಗಳು ಸೈನ್ಯ ಹಾದುಹೋದ ದಾರಿಯಾಗಿ ಮಾತ್ರ ಬರುತ್ತವೆ. ಆ ದಾರಿಯ ಬದಿಗೆ ಯಾರು ಬದುಕಿದ್ದರೆಂದು ಹೇಳುವವರು ಇವರೇ.

ನನ್ನ ಕೆಲಸದ ಬಗ್ಗೆಯೂ ಎರಡು ಮಾತು. ಕೈಬರಹದ ಪ್ರತಿಯನ್ನು ಟೈಪ್ ಮಾಡಿಸುವುದು, ಪ್ರೂಫ್ ನೋಡುವುದು, ಅಂದರೆ ಕರಡಿನಲ್ಲಿರುವ ತಪ್ಪು ತಿದ್ದುವುದು, ಪುಟ ಕಟ್ಟಿ ಅಚ್ಚಿಗೆ ಕಳಿಸುವುದು. ಇಷ್ಟನ್ನು ಯಾರಾದರೂ ಮಾಡಿಯಾರು. ಬರೆದದ್ದು ನಂಬುವಂತಿರದಿದ್ದರೆ ನಾನು ಲೇಖಕರನ್ನು ಎದುರಿಗೆ ಕೂರಿಸಿಕೊಂಡು ಕೇಳಿಯೇ ಬಿಡುತ್ತೇನೆ. ಇದರಿಂದ ಸಿಟ್ಟಾಗಿ ಕೆಲವರು ನನ್ನ ಅಂಗಡಿಯ ದಾರಿ ಬಿಟ್ಟಿದ್ದಾರೆ. ಬಿಡಲಿ. ಉಳಿದವರ ಪುಸ್ತಕಗಳು ಚೆನ್ನಾಗಿ ಬಂದಿವೆ.

ಈರಪ್ಪ ಹೊಸಮನಿಯವರು ಬಂದದ್ದು ದೀಪಾವಳಿ ಕಳೆದ ಮೇಲೆ. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ಊರು ಮೂಡಲಗಿಯಿಂದ ಸ್ವಲ್ಪ ದೂರ; ಹೆಸರು ಬರೆಯುವುದಿಲ್ಲ, ಅಲ್ಲಿ ಈ ವಿಷಯಕ್ಕೆ ಇನ್ನೂ ಮುನಿಸಿಕೊಂಡವರಿದ್ದಾರೆ. ಸರ್ವೀಸಿನುದ್ದಕ್ಕೂ ಕಂಬ ಹತ್ತಿ ಇಳಿದು, ಕೆಳಗಿನ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಮುದುಕರ ಮಾತು ಕೇಳಿದವರು. ಅದನ್ನೆಲ್ಲ ತಲೆಯಲ್ಲಿಟ್ಟುಕೊಂಡು ನಿವೃತ್ತಿಯ ನಂತರ ಬರೆದಿದ್ದರು. ಓದುತ್ತ ಹೋದಂತೆ ಊರು ಕಣ್ಣಿಗೆ ಕಟ್ಟುತ್ತಿತ್ತು. ಭಾಷೆ ಮಾತ್ರ ವಿಚಿತ್ರವಾಗಿತ್ತು.

ನಮ್ಮ ಕಡೆಯ ಮಾತಿನಲ್ಲಿ ಮನೆ ‘ಮನಿ’ಯಾಗುತ್ತದೆ, ಶಾಲೆ ‘ಸಾಲಿ’ಯಾಗುತ್ತದೆ. ಪುಸ್ತಕವೆಂದ ಮೇಲೆ ಭಾಷೆ ಶುದ್ಧವಾಗಿರಬೇಕೆಂದು ಈರಪ್ಪನವರು ಪದದ ಕೊನೆಗೆ ‘ಇ’ ಕಂಡಲ್ಲೆಲ್ಲ ‘ಎ’ ಮಾಡಿಬಿಟ್ಟಿದ್ದರು. ಮನಿ ಮನೆಯಾಗಿತ್ತು, ಒಪ್ಪೋಣ. ರೊಟ್ಟಿ ಕೂಡ ರೊಟ್ಟೆಯಾಗಿತ್ತು. ಮುಖಪುಟದಲ್ಲಿ ಅವರ ಹೆಸರೇ ‘ಈರಪ್ಪ ಹೊಸಮನೆ’ ಎಂದಿತ್ತು.

“ಕಾಕಾ, ಅಡ್ಡಹೆಸರು ಯಾವಾಗ ಬದಲ ಮಾಡಿದ್ರಿ?” ಎಂದು ಕೇಳಿದೆ.

“ಬುಕ್ಕು ಬೆಂಗಳೂರಿಗಿ ಹೋಗೂದೈತ್ರಿ ಅಕ್ಕಾರ. ಹೊಸಮನಿ ಅಂತ ಬರದ್ರ ಅಲ್ಲಿ ಮಂದಿ ನಗತಾರ.”

“ಹೊಸಮನೆ ಅಂತ ಬರದ್ರ ನಿಮ್ಮ ಮನಿಯಾಗ ಕಾಕು ನಗತಾರ.”

ಅವರೂ ನಕ್ಕರು. ಹೆಸರು ಹೊಸಮನಿಯಾಗಿ ಉಳಿಯಿತು, ರೊಟ್ಟಿಯೂ ಉಳಿಯಿತು. ಅಲ್ಲಿಗೆ ಕೆಲಸ ಸಲೀಸಾಯಿತೆಂದು ನಾನು ಅಂದುಕೊಂಡಿದ್ದೆ. ಆಮೇಲೆ ನಾಲ್ಕನೆಯ ಅಧ್ಯಾಯ ಬಂತು.

ಆ ಅಧ್ಯಾಯದ ಹೆಸರು ‘ಪ್ರಾಚೀನ ವಿದ್ಯಾಕೇಂದ್ರ’. ಊರಿನಲ್ಲಿ ಸಾಲಿ ಓಣಿ ಎಂಬ ಓಣಿಯಿದೆ, ಅದರ ತುದಿಗೆ ಸರಕಾರಿ ಶಾಲೆಯಿದೆ. ಶಾಲೆಯಿಂದಲೇ ಓಣಿಗೆ ಆ ಹೆಸರು ಬಂತೆಂದು ಎಲ್ಲರೂ ತಿಳಿದಿದ್ದರು. ಈರಪ್ಪನವರು ಹಾಗೆ ಸುಮ್ಮನೆ ನಂಬುವವರಲ್ಲ. ಶಾಲೆ ಕಟ್ಟುವ ಮೊದಲೇ ತಮ್ಮ ಅಜ್ಜಿ ಅದನ್ನು ಸಾಲಿ ಓಣಿ ಅನ್ನುತ್ತಿದ್ದರೆಂಬುದು ಅವರಿಗೆ ನೆನಪಿತ್ತು. ಹೆಸರು ಶಾಲೆಗಿಂತ ಹಳೆಯದು. ಹಾಗಾದರೆ ಅಲ್ಲಿ ಇನ್ನೂ ಹಳೆಯದೊಂದು ಶಾಲೆ ಇದ್ದಿರಲೇಬೇಕು. ತರ್ಕ ಚೊಕ್ಕವಾಗಿತ್ತು. ಸಾಕ್ಷಿಯೂ ಇತ್ತು. ಓಣಿಯ ಮೂರು ಹಳೆಯ ಮನೆಗಳಲ್ಲಿ, ಕಿಟಕಿಯ ಪಕ್ಕದ ನೆಲದಲ್ಲಿ, ಮೊಣಕಾಲುದ್ದ ಆಳದ ಒಂದೊಂದು ಕುಣಿ, ಅಂದರೆ ಗುಂಡಿ, ಇದೆಯಂತೆ. ‘ವಿದ್ಯಾರ್ಥಿಗಳು ಅದರಲ್ಲಿ ಕಾಲು ಇಳಿಬಿಟ್ಟು, ಕಿಟಕಿಯ ಬೆಳಕಿನಲ್ಲಿ ವಿದ್ಯೆ ಕಲಿಯುತ್ತಿದ್ದರು’ ಎಂದು ಬರೆದಿದ್ದರು.

ಅದನ್ನು ಓದಿ ನಾನು ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕೆ. ಹುಕ್ಕೇರಿಯಲ್ಲಿ ನನ್ನ ತಾಯಿಯ ತವರಿನಲ್ಲಿ ಅಂಥದೇ ಕುಣಿಯಿತ್ತು. ನಾನಾ, ಅಂದರೆ ನಮ್ಮ ತಾಯಿಯ ತಂದೆ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದರು. ಅದು ಕೈಮಗ್ಗದ ಕುಣಿ. ತುಳಿಯುವ ಹಲಗೆಗಳು ಅದರೊಳಗಿರುತ್ತವೆ, ನೂಲು ಕಾಣಲೆಂದು ಕಿಟಕಿಯ ಪಕ್ಕಕ್ಕೆ ತೋಡಿರುತ್ತಾರೆ. ಇನ್ನು ನಮ್ಮ ಕಡೆ ಸಾಲಿ ಎಂದರೆ ಶಾಲೆಯೂ ಹೌದು, ನೇಕಾರರ ಒಂದು ಜಾತಿಯೂ ಹೌದು. ಸಾಲ್ಯಾರ ಓಣಿಯನ್ನು ಊರ ಮಂದಿ ಸಾಲಿ ಓಣಿ ಎಂದರು, ಈರಪ್ಪನವರು ಅದನ್ನು ಶುದ್ಧಗೊಳಿಸಿ ‘ಶಾಲೆಯ ಓಣಿ’ ಮಾಡಿದರು.

ನಗು ಬಹಳ ಹೊತ್ತು ಉಳಿಯಲಿಲ್ಲ. ಆ ಊರಿನಲ್ಲಿ ಈಗ ಒಂದೂ ನೇಕಾರರ ಮನೆಯಿಲ್ಲ. ಅವರು ಅಲ್ಲಿ ಬಾಳಿದ್ದಕ್ಕೆ ಉಳಿದದ್ದು ಆ ಹೆಸರು ಮತ್ತು ಮೂರು ಕುಣಿ. ಪುಸ್ತಕ ಹೀಗೇ ಅಚ್ಚಾದರೆ ಎರಡನ್ನೂ ಕಳೆದುಕೊಂಡು ಅವರು ಊರಿನಿಂದ ಎರಡನೆಯ ಸಲ ಹೋದಂತೆ. ಇತ್ತ ಈರಪ್ಪನವರ ಪಾಡು ಬೇರೆ. ಪ್ರಾಚೀನ ಶಾಲೆಯ ಸುದ್ದಿ ಕೇಳಿ ಊರು ಉಬ್ಬಿಹೋಗಿತ್ತು. ಓಣಿಯ ಬಾಯಿಗೆ ಕಮಾನು ಕಟ್ಟಿ ‘ಪ್ರಾಚೀನ ವಿದ್ಯಾಕೇಂದ್ರ’ ಎಂದು ಬರೆಸಲು ಹಿರಿಯರು ತೀರ್ಮಾನಿಸಿದ್ದರು. ಕರೆಂಟು ಹೋದಾಗ ಮಾತ್ರ ನೆನೆಯುತ್ತಿದ್ದ ಜನ ಈಗ ಅವರನ್ನು ಕರೆದು ಕುರ್ಚಿ ಹಾಕುತ್ತಿದ್ದರು. ಬದುಕಿನಲ್ಲಿ ಮೊದಲ ಸಲ ಸಿಕ್ಕಿದ ಮರ್ಯಾದೆಯನ್ನು ನಾನು ಕಿತ್ತುಕೊಳ್ಳಬೇಕಿತ್ತು.

ಫೋನು ಮಾಡಿ ಕರೆಸಿದೆ, ಹೇಳಿದೆ. ಅವರ ಮುಖ ಬಿಗಿಯಾಯಿತು.

“ನಮ್ಮೂರಾಗ ಸಾಲ್ಯಾರಿದ್ರು ಅಂತ ಯಾರೂ ಹೇಳಿಲ್ರಿ.”

“ಸಾಲಿ ಇತ್ತು ಅಂತ ಯಾರ ಹೇಳ್ಯಾರ ಕಾಕಾ? ನೀವ ಹೇಳೀರಿ.”

“ಪುಸ್ತಕ ನಂದೈತಿ. ನಾ ಬರದಂಗ ಹಾಕ್ರಿ.”

“ಹಾಕ್ತೀನಿ. ಸಂಪಾದಕಿ ಅಂತ ನನ್ನ ಹೆಸರು ಮಾತ್ರ ಇರಂಗಿಲ್ಲ.”

ಎದ್ದು ಹೊರಟವರು ಬಾಗಿಲಲ್ಲಿ ನಿಂತು, “ಒಮ್ಮಿ ಬಂದು ನೋಡಿ ಮಾತಾಡ್ರಿ” ಎಂದರು. ಸವಾಲು ಹಾಕಿದಂತಿತ್ತು. ಮರುದಿನವೇ ಮೂಡಲಗಿ ಬಸ್ಸು ಹತ್ತಿದೆ.

ಮೊದಲು ಹೋದದ್ದು ಗಂಗವ್ವ ಎಂಬವರ ಮನೆಗೆ. ಕುಣಿಯ ತುಂಬ ಉಳ್ಳಾಗಡ್ಡಿ ಹಾಕಿದ್ದರು. ಈರಪ್ಪನವರನ್ನು ಕಂಡದ್ದೇ ತಡ, ಜಗಳಕ್ಕೆ ನಿಂತರು.

“ಈರಪ್ಪಣ್ಣಾ, ಮಗಳ ಲಗ್ನ ಬಂತು. ನೆಲಕ್ಕ ಟೈಲ್ಸ್ ಹಾಕಸಬೇಕು. ಪುಸ್ತಕ ಬರೂತನಕಾ ಮುಟ್ಟಬ್ಯಾಡ ಅಂದಿ. ಈ ಕುಣಿ ಮುಚ್ಚಲೋ ಇಡಲೋ, ಇವತ್ತ ಹೇಳಿ ಹೋಗು.”

ನಾನು ಉಳ್ಳಾಗಡ್ಡಿ ತೆಗೆಸಿದೆ. ನಾನಾನ ಮಗ್ಗದ ಬಗ್ಗೆ ದೊಡ್ಡ ಭಾಷಣ ಮಾಡಬೇಕೆಂದು ದಾರಿಯುದ್ದಕ್ಕೂ ತಯಾರಾಗಿ ಬಂದಿದ್ದೆ. ಅದರ ಅಗತ್ಯ ಬೀಳಲಿಲ್ಲ. ಈರಪ್ಪನವರು ಕುಣಿಯನ್ನು ನೋಡುತ್ತಲೇ ಇರಲಿಲ್ಲ. ಅದರ ಸುತ್ತಲಿನ ನೆಲ ನೋಡುತ್ತಿದ್ದರು. ಸಾರಿಸಿದ ಸೆಗಣಿ ಕುಣಿಯ ಒಂದು ಮೂಲೆಗೆ ದುಂಡಗೆ ಬಿರಿದಿತ್ತು. ಕುಕ್ಕರಗಾಲಿನಲ್ಲಿ ಕೂತು ಬೈಕಿನ ಕೀಲಿಯಿಂದ ಕೆದರಿದರು. ಒಳಗಿನ ಮಣ್ಣು ಸಡಿಲಾಗಿತ್ತು, ಬಣ್ಣ ಬೇರೆಯಿತ್ತು. ಆಮೇಲೆ ಎದುರಿನ ಮೂಲೆಯನ್ನು ಕೆದರಿದರು. ಅಲ್ಲಿಯೂ ಹಾಗೇ. ನಾಲ್ಕೂ ಮೂಲೆ ಮುಗಿದ ಮೇಲೆ ಎದ್ದು ನಿಲ್ಲಲಿಲ್ಲ, ಅಲ್ಲೇ ಕೂತರು.

“ಕಂಬ ಹುಗದು ಕಿತ್ತ ಜಾಗಾ ಇದು,” ಎಂದರು. “ಜೀವಮಾನ ಎಲ್ಲಾ ಅದನ್ನ ಮಾಡೇನಿ. ನನಗ ಗುರ್ತ ಸಿಗದ ಮತ್ಯಾರಿಗಿ ಸಿಗತೈತಿ? ನಾಕ ಕಂಬದ ನಡಕ ಕುಂತು ಯಾವ ಹುಡುಗ ಓದತಾನ್ರಿ?”

ಮಗ್ಗದ ಚೌಕಟ್ಟು ನಿಲ್ಲುವುದು ಆ ನಾಲ್ಕು ಕಂಬಗಳ ಮೇಲೆ. ಉಳಿದೆರಡು ಮನೆಗಳಿಗೂ ಅವರೇ ಮುಂದಾಗಿ ಹೋದರು, ಅಲ್ಲಿಯೂ ಅದೇ ಗುರುತು. ಹೊರಗೆ ಬಂದು ಕಟ್ಟೆಯ ಮೇಲೆ ಕೂತಾಗ ಅವರ ಮುಖ ನೋಡಿ ಸಂಕಟವಾಯಿತು.

“ಊರ ಮಂದಿಗಿ ಏನ್ ಹೇಳ್ಲಿ ಅಕ್ಕಾರ?”

“ಅದನ್ನ ನಾ ಹೇಳಂಗಿಲ್ಲ ಕಾಕಾ. ಪುಸ್ತಕ ನಿಮ್ಮದು.”

ಆಮೇಲೆ ಬಹಳ ದಿನ ಅವರ ಸುಳಿವಿರಲಿಲ್ಲ. ಬೇರೆ ಅಂಗಡಿಗೆ ಹೋಗಿರಬೇಕು, ಕಮಾನೂ ಎದ್ದಿರಬೇಕು ಎಂದುಕೊಂಡೆ. ಒಂದು ಬೆಳಿಗ್ಗೆ ಹೊಸ ನಾಲ್ಕನೆಯ ಅಧ್ಯಾಯ ಹಿಡಿದು ಬಂದರು. ಅಷ್ಟು ದಿನ ರಬಕವಿ, ಬನಹಟ್ಟಿ ಕಡೆಯ ನೇಕಾರರ ಓಣಿಗಳಲ್ಲಿ ತಿರುಗಾಡುತ್ತಿದ್ದರಂತೆ. ನಮ್ಮ ಸೀಮೆಯಲ್ಲಿ ಊರು ಬಿಟ್ಟು ಹೋದವರಿಗೆ ಬಿಟ್ಟ ಊರಿನ ಹೆಸರೇ ಅಡ್ಡಹೆಸರಾಗುವುದುಂಟು. ಅದನ್ನೇ ಹಿಡಿದು ಕೇಳುತ್ತ ಹೋದಾಗ, ಈರಪ್ಪನವರ ಊರಿನ ಹೆಸರನ್ನೇ ಅಡ್ಡಹೆಸರಾಗಿ ಹೊತ್ತ ಒಂದು ಸಾಲಿ ಮನೆತನ ಬನಹಟ್ಟಿಯಲ್ಲಿ ಸಿಕ್ಕಿತ್ತು. ಆ ಊರು ಎಲ್ಲಿದೆಯೆಂದು ಆ ಮನೆಯವರಿಗೇ ತಿಳಿದಿರಲಿಲ್ಲ. ಅಧ್ಯಾಯದ ಮೊದಲ ಸಾಲು ಹೀಗಿತ್ತು: ‘ಇಲ್ಲಿ ಶಾಲೆ ಇತ್ತೆಂದು ನಾನೇ ಊರೆಲ್ಲ ಹೇಳಿಕೊಂಡು ತಿರುಗಿದ್ದೆ; ಅದು ನನ್ನ ತಪ್ಪು.’ ಒಂದು ಅಕ್ಷರವನ್ನೂ ತಿದ್ದದೆ ನಾನು ಅದನ್ನು ಅಚ್ಚಿಗೆ ಕಳಿಸಿದೆ.

ಬಿಡುಗಡೆ ನಡೆದದ್ದು ಅದೇ ಓಣಿಯ ತುದಿಯ ಶಾಲೆಯ ಅಂಗಳದಲ್ಲಿ. ಬನಹಟ್ಟಿಯ ಆ ಮನೆಯವರು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಈರಪ್ಪನವರು ಎದ್ದು, ಊರಿನಲ್ಲಿ ಪ್ರಾಚೀನ ಶಾಲೆ ಇರಲಿಲ್ಲ, ನೇಕಾರರಿದ್ದರು ಎಂದು ನೇರವಾಗಿ ಹೇಳಿಬಿಟ್ಟರು. ಜನರಲ್ಲಿ ಗುಜುಗುಜು ಎದ್ದಿತು. ವೇದಿಕೆಯ ಮೇಲಿದ್ದ ಊರ ಗೌಡರಿಗೆ ತಡೆಯಲಾಗಲಿಲ್ಲ.

“ಈರಪ್ಪಾ, ಸಾಲಿ ಇತ್ತಂದ್ರ ಊರಿಗೊಂದ ಮಾನ ಇತ್ತು. ಅದನ್ನ ಯಾಕ ಕಳದಿ?”

ಈರಪ್ಪನವರು ಮೈಕು ಬಿಟ್ಟು ಅವರ ಕಡೆ ತಿರುಗಿದರು. ದನಿ ಏರಿಸಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು.

“ಗೌಡ್ರ, ನಮ್ಮ ಹಿರ್ಯಾರಿಗಿ ಓದಾಕ ಬರತಿದ್ದಿಲ್ಲ. ಖರೆ ಐತಿ. ಆದ್ರ ಮೈಮ್ಯಾಲ ಅರಿವಿ ಇಲ್ಲದ ಒಬ್ಬರೂ ಓಣ್ಯಾಗ ತಿರಗಲಿಲ್ಲ. ಊರಿನ ಮಾನ ಮುಚ್ಚಿದವರು ಆ ಕುಣ್ಯಾಗ ಕಾಲ ಬಿಟ್ಟು ಕುಂತಿದ್ರು. ಅವರ ಹೆಸರ ಅಳಿಸಿ ನಾ ಯಾವ ಮಾನ ತರ್ಲಿ?”

ಹಿಂದಿನ ಸಾಲಿನಲ್ಲಿ ಬನಹಟ್ಟಿಯ ಹಿರಿಯರೊಬ್ಬರು ಎದ್ದು ನಿಂತು ಕೈಮುಗಿದರು. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ.

ಅಲ್ಲಿಂದೀಚೆಗೆ ಇಂಥ ಪುಸ್ತಕಗಳು ಎಷ್ಟೋ ನನ್ನ ಕೈಮೇಲೆ ಹಾದುಹೋಗಿವೆ. ತಪ್ಪು ಹುಡುಕುವುದು ನನ್ನ ಕಸುಬು, ಅದರಲ್ಲಿ ನಾನು ಗಟ್ಟಿಗಿತ್ತಿ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ತಾನು ಪ್ರೀತಿಯಿಂದ ಬರೆದ ಸುಳ್ಳನ್ನು ತನ್ನವರ ಎದುರೇ ಕೈಬಿಡುವ ಕೆಲಸವನ್ನು ಯಾವ ಸಂಪಾದಕರೂ ಲೇಖಕನ ಪರವಾಗಿ ಮಾಡಲಾರರು. ಸ್ವತಂತ್ರ ಲೇಖಕ ಅನ್ನುವ ಮಾತನ್ನು ಆ ದಿನದವರೆಗೆ ನಾನು ಪ್ರಕಾಶಕರಿಲ್ಲದ ಲೇಖಕ ಎಂದು ತಿಳಿದಿದ್ದೆ. ಅದರ ಅರ್ಥವನ್ನು ನನಗೆ ಕಲಿಸಿದವರು ಈರಪ್ಪ ಕಾಕಾ.