ಅಮ್ಮಚ್ಚಿಯ ಬಿಳಿ ಕಾರು

ಅಮ್ಮಚ್ಚಿಯ ಎರಡು ಕೈಗಳು ಒಂದೇ ಬಣ್ಣದವಾಗಿರಲಿಲ್ಲ. ಎಡಗೈ ಗೋಧಿ ಬಣ್ಣ. ಬಲಗೈ ಮಾತ್ರ ಮೊಣಕೈಯಿಂದ ಬೆರಳ ತುದಿಯವರೆಗೆ ಸುಟ್ಟ ಹಪ್ಪಳದ ಹಾಗೆ ಕಂದು. ವರ್ಷಗಟ್ಟಲೆ ಆ ಕೈಯನ್ನು ಗಾಡಿಯ ಕಿಟಕಿಯ ಮೇಲಿಟ್ಟು ಬಿಸಿಲಿನಲ್ಲಿ ಓಡಾಡಿದ್ದಕ್ಕೆ ಹಾಗಾದದ್ದು. ಯಾರಾದರೂ ಕೇಳಿದರೆ ಬಲಗೈಯನ್ನೇ ಮುಂದೆ ಚಾಚಿ, "ಇದು ನನ್ನ ಲೈಸೆನ್ಸು" ಎನ್ನುತ್ತಿದ್ದರು.

ನೆಲ್ಯಾಡಿಯಿಂದ ಸ್ವಲ್ಪ ಒಳಗೆ ಅವರ ರಬ್ಬರ್ ತೋಟ. ಹಿರಿಯರು ಕೇರಳದಿಂದ ಬಂದು ನೆಲೆಸಿದವರು. ಮನೆಯ ಮಕ್ಕಳು ಮಲಯಾಳದಲ್ಲಿ ಅಮ್ಮಚ್ಚಿ ಎಂದು ಕರೆಯುವುದನ್ನು ಕೇಳಿ ಊರಿನವರೆಲ್ಲ ಹಾಗೆಯೇ ಕರೆದರು, ನಾನೂ ಕರೆದೆ. ನಾನು ಮದುವೆಯಾಗಿ ಕಡಬಕ್ಕೆ ಬಂದು, ಪೇಟೆಯ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕೆ ಸೇರಿದವಳು. ಅಮ್ಮಚ್ಚಿ ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದ್ದನ್ನು ಮೊದಮೊದಲು ನಾನು ನೋಡಿಯೇ ಇರಲಿಲ್ಲ. ರಸ್ತೆಯಲ್ಲಿ ಎರಡು ಸಲ ಹಾರ್ನ್ ಕೇಳಿಸಿದರೆ ಬಿ.ಪಿ. ಮಾತ್ರೆ, ಕಣ್ಣಿಗೆ ಬಿಡುವ ಮದ್ದು ಹಿಡಿದುಕೊಂಡು ನಾನೇ ಓಡಬೇಕು. ಅವರ ಬಿಳಿ ಕಾರಿನ ಹಿಂದೆ ಬಸ್ಸು ನಿಂತು ಬೊಬ್ಬೆ ಹೊಡೆಯುತ್ತಿದ್ದರೆ ನಾನು ಚಿಲ್ಲರೆ ಎಣಿಸುವುದರಲ್ಲಿ ತಪ್ಪುತ್ತಿದ್ದೆ, ಅವರಿಗೆ ಏನೂ ಆಗುತ್ತಿರಲಿಲ್ಲ.

"ಹಾರ್ನ್ ಹಾಕುದು ಅವನ ಕೆಲಸ, ಮೋಳೆ. ನೀನು ಚಿಲ್ಲರೆ ಕೊಡು," ಎನ್ನುತ್ತಿದ್ದರು. ಮೋಳೆ ಎಂದರೆ ಮಗಳೇ. ಅವರ ಕನ್ನಡದ ನಡುವೆ ಆ ಒಂದು ಮಲಯಾಳ ಶಬ್ದ ಎಲ್ಲಿ ಬೇಕಾದರೂ ಬರುತ್ತಿತ್ತು.

ಗಂಡ ತೀರಿಕೊಂಡಾಗ ಅವರಿಗೆ ಇಬ್ಬರು ಸಣ್ಣ ಮಕ್ಕಳು, ಆಗಷ್ಟೇ ಹಾಲು ಕೊಡಲು ಶುರುಮಾಡಿದ ರಬ್ಬರ್ ಮರಗಳು, ಅಂಗಳದಲ್ಲಿ ಗಂಡ ಓಡಿಸುತ್ತಿದ್ದ ಹಳೆಯ ಜೀಪು. ರಬ್ಬರ್ ಶೀಟನ್ನು ಪೇಟೆಗೆ ಒಯ್ಯಲು ಪ್ರತಿಸಲ ಯಾರದಾದರೂ ಮನೆಗೆ ಹೋಗಿ, "ಸ್ವಲ್ಪ ಬರ್ತೀರಾ" ಎಂದು ಕೇಳಬೇಕಾಗಿತ್ತು. ಕೇಳಿ ಕೇಳಿ ಸಾಕಾಗಿ ಒಂದು ದಿನ ತಾವೇ ಜೀಪಿನಲ್ಲಿ ಕೂತರಂತೆ. "ನಾನು ಗುದ್ದಿದ ಮರಗಳೆಲ್ಲ ಈಗಲೂ ಉಂಟು, ಬಂದರೆ ತೋರಿಸ್ತೇನೆ," ಎಂದು ನಗುತ್ತಿದ್ದರು. ಜೀಪು ಹೋಗಿ ಕಾರು ಬಂತು, ಆ ಕಾರು ಹೋಗಿ ಈ ಬಿಳಿ ಕಾರು ಬಂತು. ಶೀಟು ಹೇರುವುದಂತೂ ನಿಲ್ಲಲಿಲ್ಲ.

ಈಗ ನಮ್ಮ ಮನೆಯ ಗೌಜಿಗದ್ದಲಕ್ಕೆ ಬರುತ್ತೇನೆ. ನನ್ನ ತವರು ಪುತ್ತೂರು. ಅಪ್ಪ ಸರಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಪುತ್ತೂರು, ಸುಳ್ಯ, ಕಡಬ ಎಂದು ಇಡೀ ಜೀವಮಾನ ಬಸ್ಸಿನ ಬಾಗಿಲಲ್ಲೇ ನಿಂತು ಕಳೆದವರಿಗೆ ನಿವೃತ್ತಿಯಾದ ಮೇಲೆ ಮೊಣಕಾಲು ಕೈಕೊಟ್ಟಿತು. ಬಸ್ಸಿನ ಮೆಟ್ಟಿಲು ಹತ್ತಲು ಆಗುವುದಿಲ್ಲ. ಬೇರೆ ಯಾರಿಗೋ ಹೀಗಾಗಿದ್ದರೆ ಇಷ್ಟು ಬೇಸರವಾಗುತ್ತಿರಲಿಲ್ಲವೇನೋ. ಬಸ್ಸು ಹತ್ತಲಾಗದ ಕಂಡಕ್ಟರನ್ನು ಮಾತ್ರ ನನಗೆ ನೋಡಲಾಗುತ್ತಿರಲಿಲ್ಲ. ಅವರು ಗೇಟಿನ ಹತ್ತಿರ ಕುರ್ಚಿ ಹಾಕಿ ಕೂತು, ಹೋಗುವ ಬಸ್ಸುಗಳಿಗೆಲ್ಲ ಕೈ ಬೀಸುತ್ತಿದ್ದರು. ಹೀಗಾದರೆ ಆಗುವುದಿಲ್ಲವೆಂದು ನಾನು, ನನ್ನ ಗಂಡ ಸೇರಿ ಅವರಿಗೊಂದು ಸಣ್ಣ ಸೆಕೆಂಡ್‌ಹ್ಯಾಂಡ್ ಕಾರು ನೋಡುವುದೆಂದು ತೀರ್ಮಾನಿಸಿದೆವು. ಕಡಿಮೆ ಬೆಲೆಯದ್ದಾಗಬೇಕು, ದಾರಿಯಲ್ಲಿ ಕೈಕೊಡಬಾರದು, ಕಾಲು ಮಡಚದೆ ಕೂತು ಏಳುವ ಹಾಗಿರಬೇಕು.

ಅಬ್ಬ, ಆ ಹುಡುಕಾಟದ ಸಂಭ್ರಮವೇ. ಗಂಡ ರಾತ್ರಿ ಊಟಕ್ಕೆ ಕೂತರೂ ಮೊಬೈಲಿನಲ್ಲಿ ಕಾರಿನ ಫೋಟೋ. ಭಾನುವಾರವಾದರೆ ಅಪ್ಪ ಇಸ್ತ್ರಿ ಅಂಗಿ ಹಾಕಿ ತಯಾರು. ಅಪ್ಪ ಕಾರು ಪರೀಕ್ಷಿಸುವ ಕ್ರಮ ಬೇರೆಯೇ. ಇಂಜಿನ್ ನೋಡುವುದಿಲ್ಲ, ಟಯರ್ ನೋಡುವುದಿಲ್ಲ. ಬಾಗಿಲ ಬಳಿ ನಿಂತು ಕಾರಿನ ಮೈಗೆ ಅಂಗೈಯಿಂದ ಎರಡು ಬಡಿದು "ರೈಟ್" ಎನ್ನುವುದು. ಮಾರುವವರು ಬೆಚ್ಚಿಬೀಳುತ್ತಿದ್ದರು. ಕೆದಂಬಾಡಿಯಲ್ಲಿ ಅಪ್ಪನ ಹಳೆಯ ಪ್ರಯಾಣಿಕರೊಬ್ಬರು ತಮ್ಮ ಕಾರು ತೋರಿಸಿದರು. ಮೊದಲು ಬೆಲ್ಲ ನೀರು, ಆಮೇಲೆ ಹಲಸಿನ ಚಿಪ್ಸು, ಆಮೇಲೆ ಪಾಯಸ. ಪಾಯಸ ಕುಡಿದ ಬಾಯಲ್ಲಿ ಬೇಡ ಎನ್ನುವುದು ಹೇಗೆ? ದಾಕ್ಷಿಣ್ಯಕ್ಕೆ ಸಿಕ್ಕಿ ಅಪ್ಪ ತಲೆ ಆಡಿಸಿಯೇ ಬಿಟ್ಟಿದ್ದರು. ಅಷ್ಟರಲ್ಲಿ ಅಮ್ಮ, ಅಲ್ಲಿಯವರೆಗೆ ಒಂದು ಮಾತೂ ಆಡದವಳು, ಬಗ್ಗಿ ಡ್ರೈವರ್ ಸೀಟಿನ ಕೆಳಗಿನ ಮ್ಯಾಟ್ ಎತ್ತಿದಳು. ತುಕ್ಕು ಹಿಡಿದ ತೂತಿನಲ್ಲಿ ಅಂಗಳದ ಹುಲ್ಲು ಕಾಣುತ್ತಿತ್ತು. ಆ ದಿನದಿಂದ ಅಪ್ಪ ಒಂದು ನಿಯಮ ಮಾಡಿದರು: ಕಾರು ಮಾರುವವರ ಮನೆಯಲ್ಲಿ ನೀರು ಕೂಡ ಮುಟ್ಟುವ ಹಾಗಿಲ್ಲ.

ಹೀಗಿರುವಾಗ ಅಮ್ಮಚ್ಚಿ ಒಂದು ದಿನ ರಿಕ್ಷಾದಲ್ಲಿ ಬಂದು ಅಂಗಡಿಯ ಮೆಟ್ಟಿಲು ಹತ್ತಿದರು. ನನಗೆ ಗಾಬರಿಯಾಯಿತು.

"ಕಾರು ಎಂತ ಆಯ್ತು ಅಮ್ಮಚ್ಚಿ?"

"ಕಾರು ಸರಿ ಉಂಟು. ಕಣ್ಣು ಸರಿ ಇಲ್ಲ."

ಪುತ್ತೂರಿನ ಕಣ್ಣಿನ ಡಾಕ್ಟರ ಹತ್ತಿರ ತಾವೇ ಕಾರು ಓಡಿಸಿಕೊಂಡು ಹೋಗಿದ್ದರಂತೆ. ಎದುರಿನದ್ದು ಕಾಣುತ್ತದೆ, ಎರಡು ಬದಿಯದ್ದು ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದರಂತೆ. ಅಮ್ಮಚ್ಚಿ ಹೊರಗೆ ಬಂದು ಕಾರನ್ನು ಅಲ್ಲೇ ಬಿಟ್ಟು, ಬಸ್ಸು ಹತ್ತಿ ಮನೆಗೆ ಹೋಗಿದ್ದಾರೆ; ಮರುದಿನ ಬೇರೆಯವರಿಂದ ಕಾರು ತರಿಸಿದರಂತೆ. "ಬದಿಯಿಂದ ಒಂದು ಮಗು ಓಡಿ ಬಂದರೆ? ಒಂದು ಸಲ ಗೊತ್ತಾದ ಮೇಲೆ ಮನೆಯವರೆಗೆ ಓಡಿಸುದು ಕೂಡ ತಪ್ಪು," ಎಂದರು. ದನಿಯಲ್ಲಿ ಅಳು ಇರಲಿಲ್ಲ. ಮಾರುತ್ತೇನೆ ಎಂದು ಅವರು ಹೇಳಿದ ಕೂಡಲೇ, ಹೇಳಿದರೆ ನಾಚಿಕೆ, ನಾನು ಕೌಂಟರಿನ ಹಿಂದೆ ಕುಣಿದೇ ಬಿಟ್ಟೆ.

ಮರುಭಾನುವಾರ ಅಪ್ಪ, ಅಮ್ಮ, ನಾನು, ಗಂಡ ಅವರ ಅಂಗಳದಲ್ಲಿದ್ದೆವು. ಇಗರ್ಜಿಯ ಪ್ರಾರ್ಥನೆ ಮುಗಿಸಿ ಬಂದ ಬಿಳಿ ಸೀರೆಯಲ್ಲೇ ಅಮ್ಮಚ್ಚಿ ಜಗಲಿಯಲ್ಲಿ ಕೂತಿದ್ದರು. ನಾವು ಬಾಯಿ ತೆರೆಯುವ ಮೊದಲೇ ಕಾರಿನ ಕುಂದುಗಳನ್ನು ಹೇಳಿ ಮುಗಿಸಿದರು. ಏರಿನಲ್ಲಿ ಎ.ಸಿ. ಹಾಕಿದರೆ ಗಾಡಿ ಮುನಿಸಿಕೊಳ್ಳುತ್ತದೆ. ಹಿಂದಿನ ಎಡಗಡೆಯ ಗಾಜು ಇಳಿಯುತ್ತದೆ, ಕೈಯಿಂದ ಎತ್ತದೆ ಮೇಲೆ ಬರುವುದಿಲ್ಲ. ಬಂಪರಿನ ಗೀರು ಹಲಸಿನ ಮರದ್ದು, ತಪ್ಪು ಮಾತ್ರ ಮರದ್ದಲ್ಲ.

"ಒಳ್ಳೆಯದು ಎಂತ ಉಂಟು ಅಂತ ನೀವೇ ಹುಡುಕಿ. ಬೆಳಿಗ್ಗೆಯಿಂದ ಸ್ಟಾರ್ಟ್ ಮಾಡಲಿಲ್ಲ, ಇಂಜಿನ್ ಮುಟ್ಟಿ ನೋಡಿ. ಬಿಸಿ ಮಾಡಿಟ್ಟು ತೋರಿಸುವವರ ಗಾಡಿ ತಕ್ಕೊಳ್ಳಬೇಡಿ."

ಗಂಡ ಕೀ ತಿರುಗಿಸಿದ್ದೇ ತಡ, ಒಂದೇ ಸಲಕ್ಕೆ ಸ್ಟಾರ್ಟ್. ಹೊಗೆ ಇಲ್ಲ, ನಡುಕ ಇಲ್ಲ. ತೋಟದ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬಂದು ನನ್ನತ್ತ ಕಣ್ಣು ಮಿಟುಕಿಸಿದರು. ತಲೆಯ ಮೇಲಿನ ಮಾಡು ಎತ್ತರದ ಕಾರು. ಅಪ್ಪ ಮೊಣಕಾಲು ಹಿಡಿದುಕೊಳ್ಳದೆ ಕೂತರು, ಎದ್ದರು, ಪುನಃ ಕೂತರು. ಮಕ್ಕಳ ಹಾಗೆ ನಾಲ್ಕಾರು ಸಲ. ಇದ್ದ ದೊಡ್ಡ ದೋಷ ಒಂದೇ: ವಾಸನೆ. ವರ್ಷಾನುಗಟ್ಟಲೆ ರಬ್ಬರ್ ಶೀಟು ಹೊತ್ತ ಕಾರಿನಲ್ಲಿ ಹೊಗೆ ಮತ್ತು ಹುಳಿ ಬೆರೆತ ಒಂದು ವಾಸನೆ ನಾರುನಾರಿಗೂ ಇಳಿದಿತ್ತು. ಆ ವಾರ ನೋಡಲು ಬಂದವರೆಲ್ಲ ಮೂಗು ಮುಚ್ಚಿ ವಾಪಸು ಹೋದದ್ದರಿಂದಲೇ ಬೆಲೆ ನಮ್ಮ ಕೈಗೆಟುಕುವಷ್ಟು ಇಳಿದಿತ್ತು. ಅಪ್ಪ ಮೂಗರಳಿಸಿ, "ಬಸ್ಸಿನಲ್ಲಿ ಮೀನಿನ ಬುಟ್ಟಿ ಇಡ್ತಿದ್ರಲ್ಲ, ಅದಕ್ಕಿಂತ ಇದು ಅತ್ತರು," ಎಂದರು.

ಒಳಗಿನಿಂದ ಮರಗೆಣಸು, ಮೀನು ಸಾರು ಬಂತು. ಅಪ್ಪ ನಿಯಮ ನೆನಪಿಸಿಕೊಂಡು ಕೈ ಹಿಂದೆ ಕಟ್ಟಿದರು. ನಾನು ನಾಚುತ್ತಾ ವಿಷಯ ಹೇಳಿದೆ. ಅಮ್ಮಚ್ಚಿ ಮೈ ಕುಲುಕಿಸಿ ನಕ್ಕರು.

"ಕಾರು ಬೇಡ ಅಂತ ಹೇಳಿಯೇ ಉಣ್ಣಿ, ಕಂಡಕ್ಟರೇ. ಊಟಕ್ಕೂ ಕಾರಿಗೂ ಸಂಬಂಧ ಇಲ್ಲ. ಆದರೆ ನನ್ನದೊಂದು ಪ್ರಶ್ನೆ ಉಂಟು. ಓಡಿಸುದು ಯಾರು?"

ಗಂಡ ಇರುವುದು ಕಡಬದಲ್ಲಿ. ಅಪ್ಪನಿಗೆ ಬರುವುದಿಲ್ಲ, ಇನ್ನು ಆ ಕಾಲಿನಲ್ಲಿ ಬರುವುದೂ ಇಲ್ಲ. "ಬೇಕಾದಾಗ ಡ್ರೈವರನ್ನು ಕರೆಯುದು," ಎಂದರು ಅಪ್ಪ.

"ಹಾಗಾದರೆ ಈ ಕಾರು ಬೇಡ. ಬೇಕಾದಾಗ ಒಬ್ಬನನ್ನು ಕರೆಯಲಿಕ್ಕೆ ಪೇಟೆಯಲ್ಲಿ ರಿಕ್ಷಾ ಉಂಟು. ಯಾರ ಹತ್ತಿರವೂ ಕೇಳದೆ ಹೋಗಿ ಬರಲಿಕ್ಕೆ ಅಂತ ನಾನು ಕಾರು ತಕ್ಕೊಂಡದ್ದು. ಅದನ್ನು ಶೆಡ್ಡಿನಲ್ಲಿ ಕೂರಿಸಿ ಡ್ರೈವರಿಗೆ ಕಾಯುವವರಿಗೆ ಕೊಡುದಿಲ್ಲ."

ಇಷ್ಟು ದಿನ ಹುಡುಕಿದ ಕಾರು ಕಣ್ಣೆದುರೇ ಜಾರಿ ಹೋಯಿತಲ್ಲ ಎಂದು ನನಗೆ ಅಳು ಬರುವುದೊಂದು ಬಾಕಿ. ಆಗ ಬಾಗಿಲ ಬಳಿ ನಿಂತಿದ್ದ ಅಮ್ಮ ಹೇಳಿದಳು:

"ನಾನು ಓಡಿಸ್ತೇನೆ."

ಅಪ್ಪ ನಕ್ಕುಬಿಟ್ಟರು. ಅರುವತ್ತು ದಾಟಿದ, ಸೈಕಲ್ಲೂ ತುಳಿಯದ ಹೆಂಡತಿ ಹೀಗೆಂದರೆ ಯಾರಾದರೂ ನಗುವವರೇ. ಅಮ್ಮಚ್ಚಿ ನಗಲಿಲ್ಲ. ನಿನಗೆ ಬರುತ್ತದಾ ಎಂದೂ ಕೇಳಲಿಲ್ಲ. "ಯಾವಾಗಿಂದ ಬರ್ತೀ, ಮೋಳೆ?" ಎಂದಷ್ಟೇ ಕೇಳಿದರು. ಲೈಸೆನ್ಸು ಆಗುವವರೆಗೆ ಕಾರು ಬೇರೆ ಯಾರಿಗೂ ಇಲ್ಲ, ಲೈಸೆನ್ಸು ಆಗದೆ ನಮಗೂ ಇಲ್ಲ. ಮುಂಗಡ ಕೊಡಲು ಹೋದರೆ ಕೈ ಅಡ್ಡ ಹಿಡಿದರು.

ಬಾಡಿಗೆ ಕಾರಿನಲ್ಲಿ ವಾಪಸು ಬರುವಾಗ ಅಮ್ಮ ಕಿಟಕಿಯತ್ತ ನೋಡುತ್ತಾ ಹೇಳಿದ ಮಾತು ನನಗೆ ಹೊಸದು. ಮದುವೆಯಾದ ಹೊಸತರಲ್ಲಿ ಅಪ್ಪನ ಬಸ್ಸಿನಲ್ಲಿ ಸುಳ್ಯಕ್ಕೆ ಹೋಗುವಾಗ ಕಂಡಕ್ಟರನ ಹೆಂಡತಿಯೆಂದು ಎದುರಿನ ಸೀಟು ಸಿಗುತ್ತಿತ್ತಂತೆ. ದಾರಿಯುದ್ದಕ್ಕೂ ಅವಳು ಡ್ರೈವರನ ಕಾಲುಗಳನ್ನೇ ನೋಡುತ್ತಿದ್ದಳಂತೆ, ಯಾವ ಕಾಲು ಯಾವಾಗ ಎಂದು. "ಕೇಳಿದರೆ ನಗಾಡ್ತೀರಿ ಅಂತ ಹೇಳಲಿಲ್ಲ," ಎಂದಳು.

ಅಮ್ಮ ಪುತ್ತೂರಿನ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಭಾನುವಾರ ಅಮ್ಮಚ್ಚಿಯ ತೋಟದ ಒಳರಸ್ತೆಯಲ್ಲಿ ಅದೇ ಬಿಳಿ ಕಾರಿನಲ್ಲಿ ಅಭ್ಯಾಸ. ಗಂಡ ಪಕ್ಕದಲ್ಲಿ, ಅಮ್ಮಚ್ಚಿ ಜಗಲಿಯಲ್ಲಿ. ಕಣ್ಣಿಗೆ ಪೂರ್ತಿ ಕಾಣದಿದ್ದರೂ ಕಿವಿಯಲ್ಲೇ ನೋಡಿ, "ಕ್ಲಚ್ಚಿನ ಮೇಲೆ ಮಲಗಬೇಡ," ಎಂದು ಕೂಗುತ್ತಿದ್ದರು. ಅಪ್ಪ ಇನ್ನೊಂದು ಬದಿಯಿಂದ "ಹೋಲ್ಡಾನ್, ಹೋಲ್ಡಾನ್" ಎಂದು ಬೊಬ್ಬೆ. ಕೊನೆಗೆ ಅಮ್ಮಚ್ಚಿ, "ಕಂಡಕ್ಟರೇ, ಇದು ನಿಮ್ಮ ಬಸ್ಸಲ್ಲ," ಎಂದು ಅವರನ್ನು ಒಳಗೆ ಕೂರಿಸಿ ಕೈಗೆ ಕಟ್ಟನ್ ಚಾಯ, ಅಂದರೆ ಹಾಲಿಲ್ಲದ ಕಪ್ಪು ಚಹಾ, ಕೊಟ್ಟರು.

ಪರೀಕ್ಷೆಯಲ್ಲಿ ಅಮ್ಮ ಮೊದಲ ಸಲ ಹಿಂದೆ ಬರುವಾಗ ಕಂಬ ಬೀಳಿಸಿ ಫೇಲಾದಳು. ಮನೆಗೆ ಬಂದವಳೇ ಮಲಗಿಬಿಟ್ಟಳು. ಅದೇ ವಾರ ಯಾರೋ ಕಂತ್ರಾಟುದಾರ, ವಾಸನೆ ಇದ್ದರೂ ಅಡ್ಡಿಲ್ಲ, ಕೆಲಸದವರನ್ನು ಕೂರಿಸಲಿಕ್ಕೆ, ಎಂದು ನಮಗಿಂತ ಹೆಚ್ಚು ಬೆಲೆ ಹೇಳಿ ಅಮ್ಮಚ್ಚಿಯ ಅಂಗಳಕ್ಕೆ ಬಂದನಂತೆ. ಸುದ್ದಿ ಕೇಳಿ ನನಗೆ ಮಂಡೆಬಿಸಿ. ಅಮ್ಮನನ್ನು ನೋಡಲು ಪುತ್ತೂರಿಗೆ ಹೋದವಳು ಅಲ್ಲಿಂದಲೇ ಫೋನು ಮಾಡಿದೆ.

"ಅವನಿಗೆ ಕಾರಿಗೆ ಜನ ಆಗಿದೆ ಅಂತ ಹೇಳಿ ಕಳಿಸಿದೆ. ಎಲ್ಲಿ, ನಿನ್ನ ಅಮ್ಮನಿಗೆ ಕೊಡು," ಎಂದರು. ಫೋನನ್ನು ಅಮ್ಮನ ಕಿವಿಗೆ ಹಿಡಿದೆ. ಅವರ ದನಿ ನನಗೂ ಕೇಳಿಸುತ್ತಿತ್ತು. "ಬಿದ್ದದ್ದು ಕಂಬ ಅಲ್ವಾ? ಜನ ಅಲ್ಲ ಅಲ್ವಾ? ಮತ್ತೆ ಎಂತ ಮಲಗುದು? ಪುನಃ ಹೋಗು."

ಅಮ್ಮ ಪುನಃ ಹೋದಳು, ಪಾಸಾದಳು. ಆ ದಿನದ ಸಡಗರ ಬರೆದು ಮುಗಿಯದು. ಅಪ್ಪ ರಸ್ತೆಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳಿದರು. ಕಾರು ಕೊಡುವಾಗ ಅಮ್ಮಚ್ಚಿ ಬಾನೆಟ್ಟಿನ ಮೇಲೆ ಸಣ್ಣ ಶಿಲುಬೆ ಎಳೆದರು, ಅಮ್ಮ ಅದರ ಮೇಲೆಯೇ ಅರಸಿನ ಕುಂಕುಮ ಹಚ್ಚಿದಳು. ಆಮೇಲೆ ಮೊಣಕಾಲು ನೋವಿನ ಕಂಡಕ್ಟರರು ತಮ್ಮ ಹಳೆಯ ರೂಟುಗಳಲ್ಲೆಲ್ಲ ತಿರುಗಿದರು. ಪ್ರತಿ ನಿಲ್ದಾಣದಲ್ಲೂ ಕಾರು ನಿಲ್ಲಿಸಬೇಕು, ಪ್ರತಿ ಹೋಟೆಲಿನಲ್ಲೂ ಮಾತಾಡಿಸಬೇಕು. ಅಪ್ಪನ ಮುಖದ ಮೇಲಿನ ಆ ನಗು ಎಷ್ಟೋ ವರ್ಷದಿಂದ ಕಾಣದೆ ಹೋದದ್ದು.

ತಿಂಗಳಿಗೊಮ್ಮೆಯಾದರೂ ಅಪ್ಪ ಅಮ್ಮ ನೆಲ್ಯಾಡಿಗೆ ಹೋಗುತ್ತಿದ್ದರು. ಅಮ್ಮಚ್ಚಿಗೆ ಅವರನ್ನು ನೋಡಿ ಸಂತೋಷವೇ. ಆದರೂ ಬೀಳ್ಕೊಡುವಾಗ ಪ್ರತಿಸಲ ಕಾರಿನ ಕಿಟಕಿಗೆ ಬಗ್ಗಿ ಅಮ್ಮನಿಗೆ ಹೇಳುವುದು ಒಂದೇ: "ಈ ಕಂಡಕ್ಟರನ್ನು ಬಿಟ್ಟು ಒಮ್ಮೆ ಒಬ್ಬಳೇ ಬಾ, ಮೋಳೆ." ಅಮ್ಮ ನಕ್ಕು ಹೂಂಗುಟ್ಟುತ್ತಿದ್ದಳು. ಪಕ್ಕದ ಸೀಟಿನಲ್ಲಿ ಅಪ್ಪ ಇಲ್ಲದೆ ಅವಳು ಗೇಟು ಕೂಡ ದಾಟಿದವಳಲ್ಲ. ಅವರಿಗೆ ಓಡಿಸಲು ಬಾರದಿದ್ದರೂ ಅವರು ಇದ್ದರೇ ಧೈರ್ಯ. ಮಳೆಗಾಲ ಮುಗಿಯಲಿ ಎಂದಳು, ಹೆದ್ದಾರಿಯ ಕೆಲಸ ಮುಗಿಯಲಿ ಎಂದಳು.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವಾಗ ಸುದ್ದಿ ಬಂತು. ಅಮ್ಮಚ್ಚಿ ನಿದ್ದೆಯಲ್ಲೇ ಹೋಗಿದ್ದರು. ಅಮ್ಮನಿಗೆ ಫೋನು ಮಾಡಿ ಹೇಳಿದೆ. ಅವಳು "ಸರಿ" ಎಂದು ಇಟ್ಟಳು. ಅಪ್ಪ ಹಿಂದಿನ ದಿನವೇ ಸುಳ್ಯದಲ್ಲಿರುವ ಅವರ ಅಕ್ಕನ ಮನೆಗೆ, ಆ ಮನೆಯವರು ಕಳಿಸಿದ ಗಾಡಿಯಲ್ಲಿ ಹೋದವರು ಅಲ್ಲೇ ಉಳಿದಿದ್ದರು. ಹಾಗಾದರೆ ಅಮ್ಮ ಬರುವುದಿಲ್ಲ ಎಂದುಕೊಂಡು ನಾನು ಬಸ್ಸು ಹತ್ತಿ ಹೋದೆ.

ತೋಟದ ರಸ್ತೆಯ ಬಾಯಿಯಲ್ಲೇ ಹಗ್ಗ ಕಟ್ಟಿ, ಬಂದ ಗಾಡಿಗಳನ್ನೆಲ್ಲ ಪಕ್ಕದ ಬಯಲಿಗೆ ಕಳಿಸುತ್ತಿದ್ದರು. ನಾನು ಅಂಗಳದಲ್ಲಿ ನಿಂತಿದ್ದೆ. ಕೆಳಗೆ ಗದ್ದಲವೆದ್ದಿತು. ನೋಡಿದರೆ, ಹಗ್ಗ ಹಿಡಿದಿದ್ದ, ತೋಟದ ಮರಗಳಿಂದ ಹಾಲು ತೆಗೆಯುವ ಮುದುಕ ಟ್ಯಾಪರ್ ಅದನ್ನು ನೆಲಕ್ಕೆ ಬಿಟ್ಟು, "ಅಮ್ಮಚ್ಚಿಯ ಕಾರು, ದಾರಿ ಬಿಡಿ," ಎಂದು ಜನರನ್ನು ಸರಿಸುತ್ತಿದ್ದ. ಬಿಳಿ ಕಾರು ಮೆಲ್ಲಗೆ ಏರಿ ಬಂದು ಜಗಲಿಯ ಎದುರು ನಿಂತಿತು. ಎಡಗಡೆಯ ಸೀಟು ಖಾಲಿ ಇತ್ತು.

ಅಮ್ಮ ಇಳಿದಳು. ಸೀರೆಯ ಬೆನ್ನು ಬೆವರಿನಲ್ಲಿ ಒದ್ದೆ. ನನ್ನತ್ತ ಒಮ್ಮೆ ನೋಡಿದಳು. ನೇರ ಒಳಗೆ ಹೋಗಿ ಅಮ್ಮಚ್ಚಿಯನ್ನು ಮಲಗಿಸಿದ ಪೆಟ್ಟಿಗೆಯ ಬಳಿ ಬಗ್ಗಿ, ನಿದ್ದೆ ಮಾಡುವವರನ್ನು ಎಬ್ಬಿಸುವ ಹಾಗೆ ಮೆಲ್ಲಗೆ ಹೇಳಿದಳು:

"ಅಮ್ಮಚ್ಚಿ, ಒಬ್ಬಳೇ ಬಂದೆ."