ಹಾವೇರಿಯ ಹಾಡಿನ ಜಗಳಕ್ಕೆ ನಾನು ಹೇಳಿದ ಸಾಕ್ಷಿ

ಮೊಮ್ಮಕ್ಕಳೇ, ನಿಮ್ಮಕ್ಕ ಹಾವೇರಿಯ ಕಾಲೇಜಿಗೆ ಸೇರಿದ ಮೇಲೆ ಬ್ಯಾಡಗಿಯ ನಮ್ಮ ಮನೆಗೆ ಒಂದು ಹೊಸ ಜಗಳ ಬಂತು. ಹಾವೇರಿ ಜಿಲ್ಲೆಯಲ್ಲಿ ರ‍್ಯಾಪ್ ಹಾಡುವ ಹುಡುಗರೊಳಗೆ ಯಾವ ವರ್ಷ ಯಾರು ಮೇಲು ಎಂಬ ಜಗಳ. ರಾಣೆಬೆನ್ನೂರಿನಿಂದ ನನ್ನ ಮಗಳ ಮಗ ಭಾನುವಾರ ಬಂದನೆಂದರೆ ಇಬ್ಬರೂ ಪಡಸಾಲೆಯಲ್ಲಿ ಕುಳಿತು, ಹೊಲ ಪಾಲು ಮಾಡಿದಂತೆ ಒಂದೊಂದೇ ವರ್ಷವನ್ನು ಹಂಚುತ್ತಿದ್ದರು. ಈ ವರ್ಷ ಇವನದು, ಆ ವರ್ಷ ಅವನದು. ನೀವಿಬ್ಬರೂ ಚಿಕ್ಕವರೆಂದು ಮುಂದೆ ಆದದ್ದನ್ನು ನಿಮಗೆ ಯಾರೂ ಹೇಳಲಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ತವರೂರು ಐರಣಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಹೊರಗಿನವರು ಬಂದರೆ ಈಗಲೂ ಅಡುಗೆಮನೆಯ ಬಾಗಿಲ ಹಿಂದೆ ಸರಿದು ನಿಲ್ಲುತ್ತೇನೆ. ಮಕ್ಕಳ ಜಗಳದಲ್ಲೂ ಬಾಯಿ ಹಾಕಿದವಳಲ್ಲ. ಆದರೆ ಆ ಹಾಡುಗಳು ನನಗೆ ಗೊತ್ತಿದ್ದವು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಮೆಣಸಿನಕಾಯಿ ತೊಟ್ಟು ಬಿಡಿಸುವ ಶೆಡ್ಡಿಗೆ ಹೋಗುತ್ತೇನೆ. ಅಲ್ಲಿ ಹರೆಯದ ಹೆಣ್ಣುಮಕ್ಕಳು ದನಿ ದೊಡ್ಡದಾಗಲೆಂದು ಫೋನನ್ನು ಖಾಲಿ ತಂಬಿಗೆಯೊಳಗಿಟ್ಟು ದಿನವಿಡೀ ಅವನ್ನೇ ಹಾಕುತ್ತಾರೆ.

ಆ ಭಾನುವಾರ ಜಗಳ ಬಿಸಿಯಾಗಿತ್ತು.

"ಆ ವರ್ಷ ಹಾವೇರಿಯಂವ ಏನ್ ಆಳ್ಯಾನ? ಗಣಪತಿ ಸ್ಟೇಜಿನ ಮ್ಯಾಲೆ ಅರ್ಧಾ ಹಾಡು ಮರತು ನೀರ ಕುಡಿಯಾಕ ಹೋಗಿದ್ದ," ಎಂದ ರಾಣೆಬೆನ್ನೂರಿನ ಮೊಮ್ಮಗ.

"ಕುಡದ ಬಂದು ಹಾಡಿದ್ನಿಲ್ಲೋ? ನಿಮ್ಮ ರಾಣೆಬೆನ್ನೂರಂವ ಕೂದಲಾ ತೀಡಿಕೊಳ್ಳೂದ್ರಾಗ ಟೈಮ್ ಮುಗಿಸಿದಾ," ಎಂದಳು ನಿಮ್ಮಕ್ಕ. ಅವಳು ಹಾವೇರಿಯವನ ಕಡೆ.

ಕೊನೆಗೆ ಮಾತು ಒಂದೇ ವರ್ಷಕ್ಕೆ ಬಂದು ನಿಂತಿತು. ಆ ಇಬ್ಬರು ಹಾಡುಗಾರರ ಹಾಡಿನಲ್ಲೂ ಅವೇ ನಾಲ್ಕು ಸಾಲುಗಳಿದ್ದವು. ಬಸ್ಸು ಬ್ಯಾಡಗಿ ದಾಟುವಾಗ ಮೆಣಸಿನಕಾಯಿಯ ಘಾಟಿಗೆ ಕಂಡಕ್ಟರ್ ಮೊದಲಾಗಿ ಎಲ್ಲರೂ ಸೀನುತ್ತಾರೆ ಎಂಬ ಸಾಲುಗಳು. ಮೊದಲು ಹಾಡಿದವನಿಗೆ ಆ ವರ್ಷ ಸಲ್ಲಬೇಕು, ಇನ್ನೊಬ್ಬ ಕದ್ದವನು. ಹಾವೇರಿಯವನು ಹಾಡಿದ್ದು ಯಾವ ವರ್ಷದ ಗಣಪತಿ ಹಬ್ಬದಲ್ಲಿ ಎಂಬುದು ಇವರಿಬ್ಬರಿಗೂ ಗೊತ್ತಿತ್ತು. ರಾಣೆಬೆನ್ನೂರಿನವನ ಹಾಡು ಮಾತ್ರ ಮೊದಲು ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಬಂದದ್ದು. ಅದರ ದಿನ ಯಾರಿಗೂ ತಿಳಿಯದು.

"ಆಯಿ, ನಿಮ್ಮ ಶೆಡ್ಡಿನ್ಯಾಗ ಅದನ್ನ ಯಾವ ವರ್ಷ ಕೇಳಿದಿ?" ಎಂದು ನಿಮ್ಮಕ್ಕ ನನ್ನ ಕಡೆ ತಿರುಗಿದಳು.

ನನಗೆ ಚೆನ್ನಾಗಿ ನೆನಪಿತ್ತು. ಆ ಹಾಡು ಮೊದಲ ಸಲ ಬಂದಾಗ ನನ್ನ ಎದುರಿಗೆ ಒಂದು ಚೀಲ ಬಿಚ್ಚಿಟ್ಟಿದ್ದರು. ಅದರ ಮೇಲೆ ನೀಲಿ ಬಣ್ಣದಲ್ಲಿ ವರ್ಷ ಬರೆದಿತ್ತು. ಆ ವರ್ಷವನ್ನೇ ಹೇಳಿದೆ. ಅದು ಹಾವೇರಿಯವನು ಹಾಡಿದ್ದಕ್ಕಿಂತ ಒಂದು ವರ್ಷ ಹಿಂದಿನದು.

ಮೊಮ್ಮಗ ತೊಡೆ ತಟ್ಟಿಕೊಂಡ. ನಿಮ್ಮಕ್ಕನ ಮುಖ ಸಣ್ಣದಾಯಿತು. ಆದರೆ ಅವಳು ನ್ಯಾಯದ ಹುಡುಗಿ. ತಾನು ಇಷ್ಟು ದಿನ ಹೊಗಳಿದವನು ಕಳ್ಳ, ಇದಕ್ಕೆ ತಮ್ಮ ಮನೆಯಲ್ಲೇ ಸಾಕ್ಷಿ ಇದೆ ಎಂದು ಆಗಲೇ ವಿಡಿಯೋ ಮಾಡಿ ಊರೆಲ್ಲ ನೋಡುವಂತೆ ಹಾಕಿಬಿಟ್ಟಳು. ನನಗೂ ಒಳಗೊಳಗೇ ಹೆಮ್ಮೆ. ನನ್ನ ಮಾತನ್ನು ಯಾರಾದರೂ ಅಷ್ಟು ಗಟ್ಟಿಯಾಗಿ ಹಿಡಿದದ್ದು ಅದೇ ಮೊದಲು.

ಸೋಮವಾರ ಸಂಜೆ ಕಾಲೇಜಿನಿಂದ ಬಂದವಳು ಚಹಾ ಮುಟ್ಟಲಿಲ್ಲ. ಅವಳ ಕೈಯಿಂದ ಫೋನ್ ತೆಗೆದುಕೊಂಡು, ವಿಡಿಯೋದ ಕೆಳಗೆ ಹಾವೇರಿಯವನ ಕಡೆಯವರು ಬರೆದದ್ದನ್ನು ನಿಮ್ಮ ಅಪ್ಪ ಓದಿದ. ನಾನು ಅವನ ಹೆಗಲ ಹಿಂದಿನಿಂದ ಓದಿದೆ. ಬೈಗಳು ಬಹಳ ಇದ್ದವು, ಅವು ನನ್ನನ್ನು ಅಷ್ಟು ಹೆದರಿಸಲಿಲ್ಲ. ಬೈಗಳೇ ಇಲ್ಲದ ಒಂದು ಸಾಲು ಹೆದರಿಸಿತು. 'ನೀ ದಿನಾ ಯಾವ ಟ್ರೇನಿಗೆ ಬರ್ತಿ ನಮಗ ಗೊತ್ತೈತಿ.'

ನಿಮ್ಮ ಅಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು.

"ನಾಳಿಂದ ಕಾಲೇಜು ಬ್ಯಾಡ. ಮನ್ಯಾಗ ಕುಂತು ಓದು."

"ಪ್ರಾಕ್ಟಿಕಲ್ ಮನ್ಯಾಗ ಆಗ್ತಾವೇನಪ್ಪಾ?"

"ಆಗದಿದ್ರ ಬಿಡು."

ನಮ್ಮ ಮನೆತನದಲ್ಲಿ ಹತ್ತನೆಯ ತರಗತಿ ದಾಟಿದ ಮೊದಲ ಹೆಣ್ಣುಮಗಳು ಅವಳು. ಮರುದಿನ ಬೆಳಿಗ್ಗೆ ಅವಳ ರೈಲು ಕೂಗಿಕೊಂಡು ಹೋಯಿತು, ಅವಳು ಹಾಸಿಗೆಯ ಮೇಲೆ ಗೋಡೆ ನೋಡುತ್ತ ಕುಳಿತಿದ್ದಳು. ನಮ್ಮ ಓಣಿಯಲ್ಲಿ ಬೈಕು ನಿಧಾನ ಮಾಡಿದರೆ ಸಾಕು, ಎದ್ದು ಬಾಗಿಲ ಚಿಲಕ ನೋಡಿ ಬರುತ್ತಿದ್ದೆ.

ಹೆದರಿಕೆಯಿಂದಲೇ ಶೆಡ್ಡಿಗೆ ಹೋದೆ. ಒಂದು ಚೀಲ ಬಿಚ್ಚಿದರು. ಪಕ್ಕದ ಹೆಣ್ಣುಮಗಳು ಕಾಯಿ ಮುರಿದು ನೋಡಿ, "ಹ್ವಾದ ವರ್ಷದ ಮಾಲು ನೋಡಬೇ. ಕೋಲ್ಡ್ ಸ್ಟೋರೇಜಿನ್ಯಾಗ ನಮ್ಮ ಸೊಸಿ ಹಂಗ ನಿದ್ದಿ ಹೊಡದು ಈಗ ಎದ್ದೈತಿ," ಎಂದಳು. ಎಲ್ಲರೂ ನಕ್ಕರು. ನಾನು ಚೀಲದ ಮೇಲಿನ ಬಣ್ಣದ ಅಕ್ಷರ ನೋಡಿದೆ. ಹೋದ ವರ್ಷವೇ ಬರೆದಿತ್ತು. ಬೆಳೆ ಬಂದ ವರ್ಷವನ್ನು ಚೀಲದ ಮೇಲೆ ಬರೆಯುತ್ತಾರೆ, ಮಾಲು ಥಂಡಿಯಲ್ಲಿ ಮಲಗಿ ಮರುವರ್ಷ ನಮ್ಮ ಕೈಗೆ ಬರುತ್ತದೆ. ಇಷ್ಟು ವರ್ಷ ಇದೇ ಕೆಲಸ ಮಾಡಿದವಳಿಗೆ ಇದು ತಿಳಿಯದ್ದಲ್ಲ. ಭಾನುವಾರ ಮಾತ್ರ ಹೊಳೆಯಲಿಲ್ಲ. ಆ ಹಾಡು ಕೇಳಿದಾಗಲೂ ನನ್ನ ಮುಂದಿದ್ದದ್ದು ಥಂಡಿಯಿಂದ ಬಂದ ಮಾಲೇ. ಗಣಪತಿ ಮುಗಿದು, ದೀಪಾವಳಿಗೆಂದು ಬೋನಸ್ ಸೀರೆ ಕೊಟ್ಟ ವಾರ ಅದು. ಅಂದರೆ ನಾನು ಅದನ್ನು ಕೇಳಿದ್ದು ಚೀಲದ ಮರುವರ್ಷ, ಹಾವೇರಿಯವನು ಗಣಪತಿ ಹಬ್ಬದಲ್ಲಿ ಹಾಡಿದ ಮೇಲೆ. ಹಾವೇರಿಯವನೇ ಮೊದಲು ಹಾಡಿದ್ದ.

ಒಬ್ಬ ಹುಡುಗನಿಗೆ ಕಳ್ಳನ ಹೆಸರು ಬಂದದ್ದು ನನ್ನಿಂದ. ನಿಮ್ಮಕ್ಕನ ಕಾಲೇಜು ನಿಂತದ್ದೂ ನನ್ನಿಂದ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗೆ ಸುಮ್ಮನಿರಬಹುದೆಂದು ಮಧ್ಯಾಹ್ನದ ರೊಟ್ಟಿಯವರೆಗೂ ಯೋಚಿಸಿದೆ, ಅದನ್ನು ಮುಚ್ಚಿಡುವುದಿಲ್ಲ. ರೊಟ್ಟಿಯನ್ನು ಮತ್ತೆ ಬುತ್ತಿಯಲ್ಲೇ ಕಟ್ಟಿ, ಮನೆಗೆ ಬಂದು ಅವಳಿಗೆ ಹೇಳಿದೆ.

ಅವಳು ಫೋನ್ ತೆಗೆದು ಆ ವಿಡಿಯೋ ಇನ್ನೊಮ್ಮೆ ನೋಡಿದಳು. ಆಮೇಲೆ, "ವಿಡಿಯೋ ತಗದ ಹಾಕ್ಲೇನು?" ಎಂದಳು.

"ತಗದ್ರ ಮಂದಿ ಬಿಡ್ತಾರೇನು?"

"ಇಲ್ಲ ಆಯಿ. ಹೆದರಿ ತಗದಳು ಅಂತಾರ."

ಹಾಡಿದ ಹುಡುಗನ ಮುಂದೆಯೇ ತಪ್ಪು ಒಪ್ಪಿಕೊಳ್ಳಲು ಹಾವೇರಿಗೆ ಹೋಗುವುದೆಂದಾಯಿತು. ತಾನೂ ಬರುತ್ತೇನೆ ಎಂದ ನಿಮ್ಮ ಅಪ್ಪ. "ನೀ ಬಂದ್ರ ಗಂಡಸರ ಜಗಳಾ ಆಗ್ತೈತಿ. ತಪ್ಪು ಮಾಡಿದಾಕಿ ನಾ. ನಾನಽ ಹೋಗ್ತೀನಿ," ಎಂದೆ. ಹೇಳಿದ ಮೇಲೆ ನನ್ನ ದನಿಗೆ ನಾನೇ ಬೆಚ್ಚಿದೆ.

ಬುಧವಾರದ ರೈಲಿನಲ್ಲಿ ನಾನು ಅವಳ ಮಣಿಕಟ್ಟು ಹಿಡಿದೇ ಕುಳಿತಿದ್ದೆ. ಯಾವ ಹುಡುಗ ಫೋನಿನಿಂದ ತಲೆಯೆತ್ತಿದರೂ ಅವನೇ ಆ ಸಾಲು ಬರೆದವನು ಅನ್ನಿಸುತ್ತಿತ್ತು. ಹಾಡುವವನು ಹಾವೇರಿಯ ಕೋರ್ಟಿನ ಹತ್ತಿರ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆಂದು ಅವಳ ಗೆಳತಿಯರು ಹೇಳಿದ್ದರು. ನಾನು ದೊಡ್ಡ ಆಳೊಬ್ಬನನ್ನು ಎಣಿಸಿಕೊಂಡಿದ್ದೆ. ಕನ್ನಡಕದ ಬಡಕಲು ಹುಡುಗ ವಕೀಲರೊಬ್ಬರ ಕಾಗದಗಳಿಗೆ ಪಿನ್ನು ಹೊಡೆಯುತ್ತಿದ್ದ. ವಕೀಲರು ಹೋಗುವವರೆಗೆ ಕಾದು ನಿಂತೆವು.

"ತಮ್ಮಾ, ಹಾಡ್ತಾನಲ್ಲ, ಅಂವ ನೀನಽ ಏನು?"

"ಹೌದ್ರಿ," ಎಂದು ನಿಮ್ಮಕ್ಕನ ಕಡೆ ನೋಡಿದ. ವಿಡಿಯೋದ ಹುಡುಗಿಯೆಂದು ಗುರುತು ಸಿಕ್ಕಿ ಅವನ ಕೈ ನಿಂತಿತು. "ಆಕೀಗೆ ಹಂಗೆಲ್ಲ ಬರೀರಿ ಅಂತ ನಾ ಯಾರ್ಗೂ ಹೇಳಿಲ್ರಿ. ಬ್ಯಾಡ ಅಂತನೂ ಹೇಳ್ಲಿಲ್ಲ. ಸಿಟ್ಟು ಬಂದಿತ್ತು. ಖರೇನ ಕದ್ದೀಯೇನೋ ಅಂತ ನಮ್ಮವ್ವ ಕೇಳಿದ್ಲು."

ನಾನು ಕಟ್ಟೆಯ ಅಂಚು ಹಿಡಿದುಕೊಂಡು ಚೀಲದ ಕಥೆ ಹೇಳಿದೆ. ಅವನು ಪೂರ್ತಿ ಕೇಳಿದ.

"ಅಂದ್ರ ನನ್ನ ಹಾಡಿನ ನಸೀಬು ಕೋಲ್ಡ್ ಸ್ಟೋರೇಜಿನ್ಯಾಗ ಇಟ್ಟಿದ್ರೀ," ಎಂದ. ನಗಲು ಹೋಗಿ ನಗಲಿಲ್ಲ. "ಇಲ್ಲಿ ಹೇಳಿದ್ರ ಯಾರ ಕೇಳ್ತಾರ್ರಿ ಅಜ್ಜಿ? ಕಳ್ಳ ಅಂತ ವಿಡಿಯೋದಾಗ ಅಂದಾರಲ್ಲ, ಅಲ್ಲೇ ಹೇಳ್ರಿ."

ನಿಮ್ಮಕ್ಕ ಫೋನ್ ಹಿಡಿದಳು. ಮದುವೆಯ ಫೋಟೋದಲ್ಲೂ ನಾನು ಮುಖ ಎತ್ತಿದವಳಲ್ಲ. ಅಂಗಡಿಯ ಮುಂದೆ ನಾಲ್ಕು ಮಂದಿ ನಿಂತು ನೋಡತೊಡಗಿದರು. ಸೆರಗು ಸರಿ ಮಾಡಿಕೊಂಡು, "ಈ ಹುಡುಗ ಕದ್ದಿಲ್ಲ, ಮೊದಲು ಹಾಡಿದಂವ ಇವನಽ," ಎಂದೆ. "ಚೀಲದ ಮ್ಯಾಲಿನ ವರ್ಷ ನೋಡಿ ನಾ ತಪ್ಪು ಸಾಕ್ಷಿ ಹೇಳೀನಿ. ಹುಡುಗೀದು ತಪ್ಪಿಲ್ಲ. ಬೈಯೂದಿದ್ರ ನನ್ನ ಬೈರಿ, ಆಕೀನ ಬಿಡ್ರಿ." ಇಷ್ಟೇ. ನಿಮ್ಮಕ್ಕ ಅದನ್ನು ಅಲ್ಲೇ ಹಾಕಿದಳು. ಅವನು ಅದನ್ನು ತನ್ನ ಫೋನಿಗೂ ತರಿಸಿಕೊಂಡು, ಆ ಹುಡುಗಿಗೆ ಇನ್ನು ಯಾರೂ ಏನೂ ಬರೆಯಬಾರದು ಎಂದು ನಮ್ಮೆದುರೇ ಬರೆದು ಹಾಕಿದ.

ತಿರುಗಿ ಬರುವ ರೈಲಿಗೆ ಇನ್ನೂ ಹೊತ್ತಿತ್ತು. ಹಾವೇರಿ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕುಳಿತೆವು. ಅವಳ ಚೀಲದೊಳಗೆ ಫೋನ್ ಗುಂಯ್‌ಗುಡುತ್ತಲೇ ಇತ್ತು. ಅವಳು ತೆಗೆಯಲಿಲ್ಲ. ನಾನೇ, "ಓದು," ಎಂದೆ.

ಅವಳು ಬೆರಳಿನಿಂದ ಸರಿಸುತ್ತ ಓದಿದಳು. "ಯಾರೋ ಕೈ ಮುಗದಾರ. ಇನ್ನೊಬ್ಬಂವ ನಗಾಕತ್ತಾನ." ಆಮೇಲೆ ನಿಲ್ಲಿಸಿದಳು. "ಇಲ್ಲೊಬ್ಬಂವ ಕೆಟ್ಟದಾಗಿ ಬೈದಾನ."

"ಯಾರನ್ನ?"

"ನಿನ್ನ, ಆಯಿ. ಮುದುಕಿಗೆ ಅರವತ್ತರ ಅರಳುಮರಳು ಅಂದಾನ."

ಮೂರು ದಿನ ಅವಳ ಮೇಲೆ ಬೀಳುತ್ತಿದ್ದ ಬೈಗಳು ಈಗ ನನ್ನ ಕಡೆ ತಿರುಗಿದ್ದವು.

"ಇನ್ನೂ ಅದಾವೇನು? ಮುಂದ ಓದು," ಎಂದೆ.